ಇಂಗ್ಲಿಷಿನ ಬಂಧುಬಳಗ

ಕೆಲವು ವರ್ಷಗಳ ಹಿಂದೆ ನಮ್ಮ ಭೌತಶಾಸ್ತ್ರದ ತರಗತಿ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ತನ್ನ ನೋಟುಪುಸ್ತಕವನ್ನು ತಂದು ತೋರಿಸಿದನು. ಅದರ ಕಡೆಯ ಪುಟದಲ್ಲಿ ಎಡಗಡೆ ಸಂಸ್ಕೃತ ಶಬ್ದಗಳು, ಬಲಗಡೆ ಇಂಗ್ಲಿಷ್ ಶಬ್ದಗಳು: ಪಿತೃ–ಫಾದರ್, ಭ್ರಾತೃ–ಬ್ರದರ್, ದಂತ–ಟೂತ್, ದಿನ–ಡೇ. “ಸಾರ್, ಇಂಗ್ಲಿಷು ಸಂಸ್ಕೃತದಿಂದಲೇ ಹುಟ್ಟಿದ್ದಲ್ಲವೆ?” ಎಂದು ಕೇಳಿದನು. ನಾವು ಪಟ್ಟಿಯ ಮೇಲೆ ಕಣ್ಣಾಡಿಸಿ, ಹೌದೆಂಬಂತೆ ತಲೆದೂಗಿ ಕಳುಹಿಸಿದೆವು.

ಅಳೆದು ನೋಡದೆ ಯಾವ ಮಾತನ್ನೂ ಒಪ್ಪಬೇಡಿರೆಂದು ಪ್ರಯೋಗಶಾಲೆಯಲ್ಲಿ ದಿನವೂ ಹೇಳುವ ನಾವು ಅಂದು ಕೇವಲ ಹೋಲಿಕೆಗೆ ಮರುಳಾಗಿದ್ದೆವು. ಆಮೇಲೆ ಭಾಷಾಶಾಸ್ತ್ರದ ಗ್ರಂಥಗಳನ್ನು ಓದಿದಾಗ ಎರಡು ತಪ್ಪುಗಳು ಕಂಡುವು. ಆ ನಾಲ್ಕು ಜೋಡಿಗಳಲ್ಲಿ ಒಂದು ಸುಳ್ಳು ಜೋಡಿ; ಹುಡುಗನ ತೀರ್ಮಾನವೂ ಸರಿಯಲ್ಲ. ಆದರೆ ಅದನ್ನು ತಿಳಿಯುವುದು ಹೇಗೆ? ಶಬ್ದಗಳ ನಂಟನ್ನು ತೂಗುವುದಕ್ಕೆ ತಕ್ಕಡಿಯುಂಟೆ? ಉಂಟು. ಅದರ ಪರಿಚಯವೇ ಈ ಲೇಖನದ ಉದ್ದೇಶ.

ತಾಯಿಯಲ್ಲ, ಸೋದರಿ

1786ರಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ನ್ಯಾಯಾಧೀಶ ಸರ್ ವಿಲಿಯಂ ಜೋನ್ಸನು ಒಂದು ಭಾಷಣ ಮಾಡಿದನು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಈ ಮೂರರ ಧಾತುಗಳಲ್ಲಿಯೂ ವ್ಯಾಕರಣದಲ್ಲಿಯೂ ಕಾಣುವ ಸಾಮ್ಯವು ಆಕಸ್ಮಿಕವಾಗಿರಲಾರದು. ಬಹುಶಃ ಈಗ ಉಳಿದಿಲ್ಲದ ಒಂದು ಮೂಲದಿಂದ ಇವು ಹೊಮ್ಮಿರಬೇಕು ಎಂಬುದು ಅವನ ಅಭಿಪ್ರಾಯ. ಆ ಮೂಲವನ್ನು ನಾವು ಇಂಡೋ-ಯೂರೋಪಿಯನ್ ಮೂಲಭಾಷೆ ಎನ್ನುತ್ತೇವೆ. ಸಂಸ್ಕೃತವು ಅದರ ಒಬ್ಬ ಮಗಳು. ಗ್ರೀಕ್, ಲ್ಯಾಟಿನ್‌ಗಳು ಅವಳ ಸೋದರಿಯರು. ಜರ್ಮಾನಿಕ್ ಎಂಬುದು ಇನ್ನೊಂದು ಕವಲು. ಐದನೆಯ ಶತಮಾನದಲ್ಲಿ ಆಂಗ್ಲರು, ಸ್ಯಾಕ್ಸನರು ಮೊದಲಾದ ಪಂಗಡದವರು ಉತ್ತರ ಸಮುದ್ರವನ್ನು ದಾಟಿ ಬ್ರಿಟನ್ನಿಗೆ ಕೊಂಡೊಯ್ದ ಜರ್ಮಾನಿಕ್ ಮಾತೇ ಇಂಗ್ಲಿಷಾಗಿ ಬೆಳೆಯಿತು. ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳು ಅದಕ್ಕೆ ಒಡಹುಟ್ಟುಗಳು; ಸಂಸ್ಕೃತವು ಅದಕ್ಕೆ ತಾಯಿಯಲ್ಲ, ದೊಡ್ಡಮ್ಮನ ವರಸೆಯವಳು.

ಶಬ್ದಗಳ ನಿಯಮ

ಸಾಮ್ಯವಿದೆ ಎಂದಷ್ಟೆ ಹೇಳಿದರೆ ವಿಜ್ಞಾನವಾಗದು. ಸಾಮ್ಯಕ್ಕೆ ನಿಯಮ ಬೇಕು. ಇದಕ್ಕೆ ನಮ್ಮ ಮನೆಯಲ್ಲಿಯೇ ನಿದರ್ಶನವಿದೆ. ಪಂಪನ ಕಾಲದ ಕನ್ನಡದಲ್ಲಿ ಪಾಲ್, ಪುಲಿ, ಪಗಲ್, ಪತ್ತು, ಪಲ್ ಎಂದಿದ್ದುವು ಇಂದು ಹಾಲು, ಹುಲಿ, ಹಗಲು, ಹತ್ತು, ಹಲ್ಲು ಆಗಿವೆ. ಒಂದೊಂದು ಶಬ್ದವೂ ತನಗೆ ತೋಚಿದಂತೆ ಬದಲಾಗಲಿಲ್ಲ. ಶಬ್ದದ ಮೊದಲಿನ ಪಕಾರವು ಸಾಲುಸಾಲಾಗಿ ಹಕಾರವಾಯಿತು. ತಮಿಳಿನಲ್ಲಿ ಆ ಪಕಾರ ಇನ್ನೂ ಉಳಿದಿದೆ. ಆದುದರಿಂದ ಕನ್ನಡದ ಹಕಾರಕ್ಕೆ ತಮಿಳಿನಲ್ಲಿ ಪಕಾರವನ್ನು ನಾವು ನಿರೀಕ್ಷಿಸಬಹುದು.

ಜರ್ಮಾನಿಕ್ ಕವಲಿನಲ್ಲಿಯೂ ಬಹು ಹಿಂದೆ ಇಂತಹುದೇ ಪಲ್ಲಟ ನಡೆಯಿತು. ಡೆನ್ಮಾರ್ಕಿನ ರಾಸ್ಕನು 1818ರಲ್ಲಿ ಇದನ್ನು ಗುರುತಿಸಿದನು. ಜರ್ಮನಿಯ ಯಾಕೋಬ್ ಗ್ರಿಮ್ಮನು 1822ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದನು. ಮಕ್ಕಳ ಕಥೆಗಳನ್ನು ತಮ್ಮನೊಡನೆ ಸಂಗ್ರಹಿಸಿದ ಗ್ರಿಮ್ಮನೇ ಇವನು. ನಿಯಮಕ್ಕೆ ಮೂರು ಸಾಲುಗಳಿವೆ.

ಒಂದು: ಮೂಲದ ಪ, ತ, ಕ ಇವು ಕ್ರಮವಾಗಿ ಫ, ಥ, ಹ ಆದುವು. ಇಲ್ಲಿ ಫ ಎಂದರೆ ಹಲ್ಲು ತುಟಿಗಳ ನಡುವಿನಿಂದಲೂ, ಥ ಎಂದರೆ ನಾಲಗೆ ಹಲ್ಲುಗಳ ನಡುವಿನಿಂದಲೂ ಉಸಿರು ಸೀಳಿಬರುವ ಇಂಗ್ಲಿಷ್ ಧ್ವನಿಗಳು. ಪಾದ–ಫುಟ್, ತ್ರಿ–ಥ್ರೀ, ತನು–ಥಿನ್. ಮೂಲದ ಕಕಾರವು ಸಂಸ್ಕೃತದಲ್ಲಿ ಕೆಲವೆಡೆ ಶಕಾರವಾಗಿದೆ, ಲ್ಯಾಟಿನ್ನಿನಲ್ಲಿ ಉಳಿದಿದೆ. ಆದುದರಿಂದ ಶತ, ಕೆಂಟುಮ್, ಹಂಡ್ರೆಡ್ ಒಂದೇ ಬಳಗ.

ಎರಡು: ಬ, ದ, ಗ ಇವು ಪ, ಟ, ಕ ಆದುವು. ದಶ–ಟೆನ್, ದ್ವಿ–ಟೂ, ಯುಗ–ಯೋಕ್. ಯುಗ ಎಂದರೆ ಇಲ್ಲಿ ನೊಗ.

ಮೂರು: ಭ, ಧ, ಘ ಇವು ಉಸಿರು ಕಳೆದುಕೊಂಡು ಬ, ಡ, ಗ ಆದುವು. ಭ್ರೂ–ಬ್ರೌ ಎಂದರೆ ಹುಬ್ಬು, ಮಧು–ಮೀಡ್ ಎಂದರೆ ಜೇನಿನ ಮದ್ಯ, ವಿಧವಾ–ವಿಡೋ.

ಈಗ ನಮ್ಮ ವಿದ್ಯಾರ್ಥಿಯ ಪಟ್ಟಿಯನ್ನು ತೂಗೋಣ. ದಂತ ಮತ್ತು ಟೂತ್ ಕಿವಿಗೆ ದೂರ. ಆದರೆ ದ ಹೋಗಿ ಟ, ತ ಹೋಗಿ ಥ. ನಡುವಿನ ನಕಾರ ಆಮೇಲೆ ಬಿದ್ದುಹೋಯಿತು. ಜೋಡಿ ನಿಜ. ದಿನ ಮತ್ತು ಡೇ ಕಿವಿಗೆ ಹತ್ತಿರ. ಆದರೆ ದಕಾರಕ್ಕೆ ಟಕಾರ ಬರಬೇಕಿತ್ತು, ಬಂದಿಲ್ಲ. ಇವು ಬೇರೆ ಬೇರೆ ಧಾತುಗಳಿಂದ ಬಂದ ಶಬ್ದಗಳು, ಜೋಡಿ ಸುಳ್ಳು. ಇದಕ್ಕಿಂತ ಸೋಜಿಗವೆಂದರೆ, ದಿನ ಶಬ್ದಕ್ಕೆ ಹತ್ತಿರದ ನಂಟನಾದ ‘ದೇವ’ ಇಂಗ್ಲಿಷಿನಲ್ಲಿ ಅಡಗಿದ್ದಾನೆ. ಮಂಗಳವಾರಕ್ಕೆ ಟ್ಯೂಸ್‌ಡೇ ಎನ್ನುವರಷ್ಟೆ? ಅದು ಟೀವ್ ಎಂಬ ಹಳೆಯ ಜರ್ಮಾನಿಕ್ ದೇವತೆಯ ವಾರ. ದೇವನ ದಕಾರ ನಿಯಮದಂತೆ ಟಕಾರವಾಗಿ ವಾರದ ಹೆಸರಿನಲ್ಲಿ ಕುಳಿತಿದೆ.

ಸಾಲವೋ, ಸ್ವಂತವೋ?

ಇಂಗ್ಲಿಷಿನಲ್ಲಿ ಫಾದರ್ ಇರುವಂತೆಯೇ ಪ್ಯಾಟರ್ನಲ್ ಇದೆ. ಟೂತ್ ಇರುವಂತೆಯೇ ಡೆಂಟಲ್ ಇದೆ. ಫುಟ್ ಇರುವಂತೆಯೇ ಪೆಡಲ್ ಇದೆ. ಇವುಗಳಲ್ಲಿ ಪಕಾರ ದಕಾರಗಳೇಕೆ ಮಾರ್ಪಡಲಿಲ್ಲ? ಪಲ್ಲಟ ಮುಗಿದು ಎಷ್ಟೋ ಶತಮಾನಗಳಾದ ಮೇಲೆ ಇವು ಲ್ಯಾಟಿನ್, ಫ್ರೆಂಚ್‌ಗಳಿಂದ ಬಂದುವು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಈ ಪ್ರವಾಹ ಬಲವಾಯಿತು. ಇಂದು ಇಂಗ್ಲಿಷ್ ನಿಘಂಟಿನ ಅರ್ಧಕ್ಕೂ ಮಿಕ್ಕ ಶಬ್ದಗಳು ಈ ಎರಡು ಮೂಲಗಳಿಂದ ಬಂದವು. ಆದರೂ ಎಣಿಕೆ, ಸರ್ವನಾಮ, ಮೈಯ ಅಂಗಗಳು, ತಂದೆತಾಯಿಗಳ ಹೆಸರು ಇವೆಲ್ಲ ಬಹುಮಟ್ಟಿಗೆ ಜರ್ಮಾನಿಕ್ ಆಗಿಯೇ ಉಳಿದಿವೆ. ಒಡವೆ ಸಾಲದ್ದು, ಮೈ ಸ್ವಂತದ್ದು.

ಕನ್ನಡದಲ್ಲಿಯೂ ಇದೇ ನ್ಯಾಯ. ಸಂಸ್ಕೃತದ ‘ಪರ್ವ’ ಬಲು ಹಿಂದೆಯೇ ‘ಪಬ್ಬ’ವಾಗಿ ನಮ್ಮಲ್ಲಿಗೆ ಬಂದು, ನಮ್ಮ ಪಾಲು ಪುಲಿಗಳೊಡನೆ ತಾನೂ ಮಾರ್ಪಟ್ಟು ‘ಹಬ್ಬ’ವಾಯಿತು, ‘ಪರ್ವ’ ಎಂಬ ತತ್ಸಮವು ಹಾಗೆಯೇ ನಿಂತಿತು. ಶಿಲಾಪದರಗಳಂತೆ ಧ್ವನಿಗಳೂ ಕಾಲವನ್ನು ಸೂಚಿಸುತ್ತವೆ. ಸಂಸ್ಕೃತದಿಂದ ಎಷ್ಟೇ ಶಬ್ದಗಳನ್ನು ಪಡೆದಿದ್ದರೂ ಕನ್ನಡವು ದ್ರಾವಿಡ ಕುಟುಂಬದ್ದೇ ಎಂಬುದೂ ಇದೇ ತಕ್ಕಡಿಯಿಂದ ತೂಗಿ ಹೇಳಿದ ಮಾತು.

ಅಪವಾದಗಳ ಪಾಠ

ನಿಯಮಕ್ಕೆ ಅಪವಾದ ಕಂಡರೆ ಏನು ಮಾಡಬೇಕು? ಸಂಸ್ಕೃತದ ‘ಬಂಧ್’ ಧಾತುವಿಗೆ ಇಂಗ್ಲಿಷಿನಲ್ಲಿ ‘ಬೈಂಡ್’ ಇದೆ. ಎರಡನೆಯ ಸಾಲಿನಂತೆ ಅದು ಪಕಾರದಿಂದ ಆರಂಭವಾಗಬೇಕಿತ್ತು. ಈ ತೊಡಕನ್ನು 1863ರಲ್ಲಿ ಬಿಡಿಸಿದವನು ಹರ್ಮನ್ ಗ್ರಾಸ್‌ಮನ್. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇವನು ಅಪರಿಚಿತನಲ್ಲ; ಸದಿಶಗಳ ಗಣಿತಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬನು, ಋಗ್ವೇದಕ್ಕೆ ನಿಘಂಟು ರಚಿಸಿದವನೂ ಅವನೇ. ಅವನ ವಿವರಣೆ ಹೀಗಿದೆ: ಮೂಲಧಾತು ‘ಭಂಧ್’, ಒಂದರ ಹಿಂದೊಂದು ಎರಡು ಮಹಾಪ್ರಾಣಗಳು ಬಂದಾಗ ಸಂಸ್ಕೃತವು ಮೊದಲನೆಯದರ ಉಸಿರನ್ನು ಬಿಟ್ಟುಬಿಡುತ್ತದೆ. ಇದಕ್ಕೆ ಸಾಕ್ಷಿ ಸಂಸ್ಕೃತದಲ್ಲಿಯೇ ಇದೆ. ಭವಿಷ್ಯತ್ತಿನಲ್ಲಿ ಧಕಾರವು ತಕಾರವಾದೊಡನೆ ಅಡಗಿದ್ದ ಭಕಾರ ಹೊರಬಂದು ‘ಭಂತ್ಸ್ಯತಿ’ ಎಂದಾಗುತ್ತದೆ. ತಪ್ಪಿದ್ದು ಇಂಗ್ಲಿಷಲ್ಲ, ಮಾರ್ಪಟ್ಟಿದ್ದು ಸಂಸ್ಕೃತ.

ಇನ್ನೊಂದು ತೊಡಕು. ಪಿತೃ, ಭ್ರಾತೃ ಎರಡರಲ್ಲಿಯೂ ತಕಾರವಿದೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಸೋದರನು ‘ಬ್ರೋಥೋರ್’, ತಂದೆ ‘ಫ್ಯಾಡರ್’. ಒಂದೇ ತಕಾರಕ್ಕೆ ಎರಡು ಗತಿ ಹೇಗೆ? ಡೆನ್ಮಾರ್ಕಿನ ಕಾರ್ಲ್ ವೆರ್ನರನು 1875ರಲ್ಲಿ ಉತ್ತರವನ್ನು ವೇದದ ಸ್ವರದಲ್ಲಿ ಕಂಡನು. ವೇದಪಾಠದಲ್ಲಿ ‘ಭ್ರಾತೃ’ವಿಗೆ ಉದಾತ್ತ ಮೊದಲಕ್ಷರದಲ್ಲಿ, ‘ಪಿತೃ’ವಿಗೆ ಎರಡನೆಯದರಲ್ಲಿ. ಉದಾತ್ತದ ಬೆನ್ನಿಗೆ ಬಂದ ತಕಾರ ಥಕಾರವಾಗಿ ಉಳಿಯಿತು. ಉದಾತ್ತಕ್ಕೆ ಮೊದಲು ಬಂದುದು ಡಕಾರವಾಯಿತು. ಇಂದಿನ ಇಂಗ್ಲಿಷಿನಲ್ಲಿ ಎರಡೂ ಒಂದೇ ಆಗಿರುವುದು ಎಷ್ಟೋ ಕಾಲಾನಂತರದ ಬದಲಾವಣೆ. ಜರ್ಮಾನಿಕ್ ಭಾಷೆಗಳು ತಾವೇ ಮರೆತ ಸ್ವರವನ್ನು ನಮ್ಮ ವೈದಿಕರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದಿದ್ದರು!

ಕಾಣದುದನ್ನು ಲೆಕ್ಕದಲ್ಲಿ ಕಂಡುದು

ಯುರೇನಸ್ ಗ್ರಹವು ಲೆಕ್ಕಕ್ಕೆ ತಪ್ಪಿ ನಡೆಯುತ್ತಿದ್ದುದನ್ನು ನೋಡಿ, ಅದನ್ನು ಸೆಳೆಯುವ ಕಾಣದ ಗ್ರಹವೊಂದಿರಬೇಕೆಂದು ಲೆವೆರಿಯೆ ಗಣಿಸಿದನು. 1846ರಲ್ಲಿ ನೆಪ್ಚೂನ್ ದೂರದರ್ಶಕದಲ್ಲಿ ಕಂಡಿತು. ಭಾಷಾಶಾಸ್ತ್ರಕ್ಕೂ ಇಂತಹ ದಿನವೊಂದು ಬಂದಿತು. 1879ರಲ್ಲಿ, ಇಪ್ಪತ್ತೊಂದರ ಹರೆಯದ ಫೆರ್ಡಿನಾಂಡ್ ದ ಸೋಸ್ಯೂರನು ಒಂದು ಗ್ರಂಥವನ್ನು ಪ್ರಕಟಿಸಿದನು. ಸ್ವರಗಳ ಲೆಕ್ಕ ಸರಿಹೋಗಬೇಕಾದರೆ, ಆಗ ತಿಳಿದಿದ್ದ ಯಾವ ಭಾಷೆಯಲ್ಲಿಯೂ ಉಳಿದಿಲ್ಲದ ಕೆಲವು ಧ್ವನಿಗಳು ಮೂಲಭಾಷೆಯಲ್ಲಿ ಇದ್ದಿರಬೇಕು. ಅವು ಅಳಿದಾಗ ಹಿಂದಿನ ಹ್ರಸ್ವವು ದೀರ್ಘವಾಯಿತು ಎಂದು ವಾದಿಸಿದನು. ಬಹುಮಂದಿ ನಂಬಲಿಲ್ಲ.

1906ರಲ್ಲಿ ತುರ್ಕಿಯ ಬೊಗಾಜ್‌ಕೊಯ್ ಎಂಬಲ್ಲಿ ಅಗೆದಾಗ ಮೂರು ಸಾವಿರ ವರ್ಷಗಳಿಗೂ ಹಳೆಯ ಮಣ್ಣಿನ ಫಲಕಗಳು ರಾಶಿಯಾಗಿ ದೊರೆತುವು. 1915ರಲ್ಲಿ ಹ್ರೋಜ್ನಿ ಎಂಬ ವಿದ್ವಾಂಸನು ಅವುಗಳ ಹಿಟ್ಟೈಟ್ ಭಾಷೆಯು ಇಂಡೋ-ಯೂರೋಪಿಯನ್ನೇ ಎಂದು ತೋರಿಸಿದನು. ಅದರಲ್ಲಿ ನೀರಿಗೆ ‘ವಾತರ್’ ಎನ್ನುವರು. ಇಂಗ್ಲಿಷಿನ ‘ವಾಟರ್’ ಅದರ ನೆಂಟ. 1927ರಲ್ಲಿ ಪೋಲೆಂಡಿನ ಕುರಿಲೋವಿಚ್ಚನು, ಸೋಸ್ಯೂರನು ಊಹಿಸಿದ್ದ ಸ್ಥಾನಗಳಲ್ಲಿ ಹಿಟ್ಟೈಟ್ ಭಾಷೆಯಲ್ಲಿ ಹಕಾರವೊಂದು ಉಳಿದಿರುವುದನ್ನು ತೋರಿಸಿಕೊಟ್ಟನು. ಕಾಪಾಡು ಎಂಬರ್ಥದ ಸಂಸ್ಕೃತ ಧಾತು ‘ಪಾ’, ದೀರ್ಘ. ಹಿಟ್ಟೈಟ್ ಧಾತು ‘ಪಹ್ಸ್’. ಭವಿಷ್ಯ ನುಡಿದ ಸೋಸ್ಯೂರನು 1913ರಲ್ಲಿಯೇ ತೀರಿಕೊಂಡಿದ್ದನು.

ನಿಯಮವನ್ನು ಹೇಳುವುದು, ಅಪವಾದವನ್ನು ಮುಚ್ಚಿಡದೆ ಕಾರಣವನ್ನು ಹುಡುಕುವುದು, ಕಾಣದುದನ್ನು ಮುನ್ನುಡಿದು ಕಾಯುವುದು, ಇದಕ್ಕಿಂತ ಹೆಚ್ಚಿನ ವಿಜ್ಞಾನ ಯಾವುದು? ಒಂದು ಎಚ್ಚರಿಕೆ ಮಾತ್ರ ಅಗತ್ಯ. ಭಾಷೆಗಳ ನಂಟು ಜನರ ರಕ್ತದ ನಂಟಲ್ಲ. ಜನರು ಭಾಷೆಯನ್ನು ಬಿಡುತ್ತಾರೆ, ಬೇರೊಂದನ್ನು ಕಲಿಯುತ್ತಾರೆ. ಈ ಎರಡನ್ನೂ ಒಂದೇ ಎಂದು ಬಗೆದವರಿಂದ ಇಪ್ಪತ್ತನೆಯ ಶತಮಾನದಲ್ಲಿ ಲೋಕಕ್ಕೆ ದೊಡ್ಡ ಕೇಡಾಯಿತು.

ಆ ವಿದ್ಯಾರ್ಥಿ ಕಾಲೇಜು ಬಿಟ್ಟು ಹೋದನು. ಅವನಿಗೆ ಉತ್ತರ ಹೇಳುವ ಅವಕಾಶ ನಮಗೆ ಒದಗಲಿಲ್ಲ. ಈ ಪುಟಗಳು ಅವನ ಕಣ್ಣಿಗೆ ಬಿದ್ದರೆ, ಪಟ್ಟಿಯಿಂದ ‘ದಿನ–ಡೇ’ ಹೊಡೆದುಹಾಕಿ, ಆ ಜಾಗದಲ್ಲಿ ‘ದೇವ–ಟ್ಯೂಸ್‌ಡೇ’ ಎಂದು ಬರೆದುಕೊಳ್ಳಲಿ.