ಪಿಕಲ್‌ಬಾಲ್: ಏಳು ಅಡಿಯ ‘ಕಿಚನ್’, ಗಂಟೆ ಲೆಕ್ಕದ ಬಾಡಿಗೆ

ರಾಜಾಜಿನಗರದಿಂದ ಕೆಂಗೇರಿವರೆಗೆ ಗಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆಲ್ಲ ಒಂದು ವಿಷಯ ಗೊತ್ತು: ಜಾಗ ಚಿಕ್ಕದಾದಷ್ಟೂ ರೂಲ್ಸ್ ಜಾಸ್ತಿ. ಚೆಂಡು ಕಾಂಪೌಂಡ್ ದಾಟಿದರೆ ಔಟ್. ಒಂದು ಪಿಚ್ ಬಿದ್ದದ್ದನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಜೋರಾಗಿ ಬೀಸುವವನೊಬ್ಬನೇ ಆಟ ನುಂಗಿಬಿಡಬಾರದು, ಅಷ್ಟೇ. ಪಿಕಲ್‌ಬಾಲ್ ನಿಯಮಗಳ ಹಿಂದೆಯೂ ಇದೇ ಲೆಕ್ಕಾಚಾರವಿದೆ.

ಆಟ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಸಿಯಾಟಲ್ ಬಳಿಯ ಬೇನ್‌ಬ್ರಿಜ್ ದ್ವೀಪದಲ್ಲಿ. ಜೋಯಲ್ ಪ್ರಿಚರ್ಡ್ ಎಂಬ ರಾಜಕಾರಣಿ ಮತ್ತು ಗೆಳೆಯರು ಮನೆಯ ಹಳೇ ಬ್ಯಾಡ್ಮಿಂಟನ್ ಕೋರ್ಟ್‌ನಲ್ಲಿ ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಹಿಡಿದು ಶುರುಮಾಡಿದರು. ಕೋರ್ಟ್ ಅಳತೆ ಇವತ್ತಿಗೂ ಡಬಲ್ಸ್ ಬ್ಯಾಡ್ಮಿಂಟನ್‌ನದ್ದೇ: 44 ಅಡಿ ಉದ್ದ, 20 ಅಡಿ ಅಗಲ. ನೆಟ್ ಮಾತ್ರ ತಗ್ಗು, ನಡುವೆ 34 ಇಂಚು.

ಇಂಜಿನಿಯರಿಂಗ್ ಓದಿದ ನನಗೆ ಯಾವ ವ್ಯವಸ್ಥೆ ಕಂಡರೂ ‘ಇದು ಯಾರನ್ನು ತಡೆಯುತ್ತೆ?’ ಅಂತ ಕೇಳುವ ಚಟ. ಇಲ್ಲಿ ಉತ್ತರ ಸ್ಪಷ್ಟ: ಬಲ ಇರುವವರನ್ನು.

ಮೊದಲನೆಯದು, ಸರ್ವ್. ಸೊಂಟದ ಕೆಳಗಿನಿಂದ, ಕೈಯನ್ನು ಮೇಲಕ್ಕೆ ಬೀಸುತ್ತಾ, ಓರೆಯಾಗಿ ಎದುರಿನ ಚೌಕಕ್ಕೆ ಕಳಿಸಬೇಕು. ಟೆನಿಸ್ ಥರ ತಲೆ ಮೇಲಿಂದ ಬಾರಿಸುವಂತಿಲ್ಲ.

ಎರಡನೆಯದು, ಎರಡು ಪುಟಿತದ ನಿಯಮ. ಸರ್ವ್ ಆದ ಚೆಂಡು ಎದುರಾಳಿಯ ಕಡೆ ಒಮ್ಮೆ ನೆಲಕ್ಕೆ ಬಿದ್ದು ಪುಟಿಯಬೇಕು. ಅವರು ವಾಪಸ್ ಹೊಡೆದದ್ದು ಸರ್ವ್ ಮಾಡಿದವರ ಕಡೆಯೂ ಪುಟಿಯಬೇಕು. ಆಮೇಲಷ್ಟೇ ಗಾಳಿಯಲ್ಲೇ ಹೊಡೆಯಬಹುದು.

ಮೂರನೆಯದು, ‘ಕಿಚನ್’. ನೆಟ್‌ನ ಎರಡೂ ಬದಿಗೆ 7 ಅಡಿ ಜಾಗ. ಇದರೊಳಗೆ ನಿಂತು, ಗೆರೆ ತುಳಿದಾದರೂ ಸರಿ, ಚೆಂಡನ್ನು ಗಾಳಿಯಲ್ಲೇ ಹೊಡೆದರೆ ತಪ್ಪು. ಹೊರಗೆ ನಿಂತು ಹೊಡೆದು, ಆ ರಭಸಕ್ಕೆ ಒಳಗೆ ಕಾಲಿಟ್ಟರೂ ತಪ್ಪು. ಪುಟಿದ ಚೆಂಡನ್ನು ಮಾತ್ರ ಒಳಗೆ ಹೋಗಿ ಆಡಬಹುದು. ಎತ್ತರದ ಹುಡುಗ ನೆಟ್‌ಗೆ ಅಂಟಿಕೊಂಡು ಸ್ಮ್ಯಾಶ್ ಮಾಡುತ್ತಲೇ ಇರುವುದು ಹೀಗೆ ತಪ್ಪುತ್ತೆ.

ಸಾಂಪ್ರದಾಯಿಕ ಲೆಕ್ಕದಲ್ಲಿ ಸರ್ವ್ ಮಾಡುವ ತಂಡಕ್ಕೆ ಮಾತ್ರ ಪಾಯಿಂಟ್. 11 ಮುಟ್ಟಬೇಕು, 2ರ ಅಂತರ ಇರಬೇಕು. ಡಬಲ್ಸ್‌ನಲ್ಲಿ ಮೂರು ಸಂಖ್ಯೆ ಕೂಗುತ್ತಾರೆ: ನಮ್ಮ ಸ್ಕೋರ್, ಅವರ ಸ್ಕೋರ್, ಸರ್ವ್ ಮಾಡುತ್ತಿರುವುದು ತಂಡದ ಒಂದನೆಯವರೋ ಎರಡನೆಯವರೋ. ಆಟ ಶುರುವಾಗುವುದು 0-0-2ರಿಂದ. ಅಂದರೆ ಮೊದಲು ಸರ್ವ್ ಮಾಡುವ ತಂಡಕ್ಕೆ ಆ ಸರದಿಯಲ್ಲಿ ಒಬ್ಬರದೇ ಅವಕಾಶ. ಮೊದಲು ಬಂದವರಿಗೆ ಸಿಗುವ ಲಾಭಕ್ಕೂ ಇಲ್ಲಿ ಕಡಿವಾಣವಿದೆ.

ಹೀಗಾಗಿ ಅಜ್ಜಿ, ಮೊಮ್ಮಗ ಒಂದೇ ಕೋರ್ಟ್‌ನಲ್ಲಿ ಎದುರುಬದುರು ನಿಲ್ಲಬಹುದು. ಆದರೆ ಈ ಸಮಾನತೆ ಗೇಟಿನ ಒಳಗೆ ಮಾತ್ರ. ಬೆಂಗಳೂರಿನಲ್ಲಿ ಟೆರೇಸು, ಖಾಲಿ ಸೈಟುಗಳ ಮೇಲೆ ಎದ್ದಿರುವ ಕೋರ್ಟ್‌ಗಳು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ. ದುಡ್ಡಿದ್ದವರಿಗೆ ಆಟ, ಪಕ್ಕದ ಮನೆಯವರಿಗೆ ಟಕ್ ಟಕ್ ಸದ್ದು.

2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಶನ್‌ಗೆ ರಾಷ್ಟ್ರೀಯ ಕ್ರೀಡಾ ಒಕ್ಕೂಟವೆಂದು ಮಾನ್ಯತೆ ಕೊಟ್ಟಿತು. ದೆಹಲಿಯ ಆ ಮಾನ್ಯತೆ ವಿಜಯನಗರ, ಬಸವೇಶ್ವರನಗರದ ಹುಡುಗಿಯ ಕೈಗೆ ಪ್ಯಾಡಲ್ ಕೊಡಲ್ಲ. ಹಾಗಂತ ಪಾರ್ಕಿಗೆ ಹೊಸದಾಗಿ ಕಾಂಕ್ರೀಟ್ ಸುರಿಯುವುದೂ ಬೇಡ. ಪಾರ್ಕು, ಮೈದಾನಗಳನ್ನು ಕಾಪಾಡಲೆಂದೇ 1985ರ ರಾಜ್ಯ ಕಾಯ್ದೆ ಇದೆ. ಸಿಮೆಂಟ್ ನೆಲದ ಸಾರ್ವಜನಿಕ ಬ್ಯಾಡ್ಮಿಂಟನ್ ಕೋರ್ಟ್ ಇರುವಲ್ಲಿ ಹೊರಗೆರೆ ಆಗಲೇ ಸರಿಯಾಗಿದೆ. ಕಿಚನ್ ಗೆರೆ ಎಳೆಯಲು ಒಂದು ಡಬ್ಬಿ ಬಣ್ಣ, ಇಳಿಸಿ ಕಟ್ಟಬಹುದಾದ ಒಂದು ನೆಟ್ ಸಾಕು.

ಮುಂದಿನ ಪಾಲಿಕೆ ಚುನಾವಣೆಯಲ್ಲಿ ವೋಟು ಕೇಳಲು ಬಂದವರ ಮುಂದೆ ಇಡಲು ಇದು ತೀರಾ ಅಗ್ಗದ ಬೇಡಿಕೆ.