ಓದು, ಬರಹ, ಲೆಕ್ಕ: ಮನೆಮಂದಿಗೆ ಕೆಲವು ಸೂಚನೆಗಳು

2011ರ ಜನಗಣತಿಯಂತೆ, ಏಳು ವರ್ಷ ಮೇಲ್ಪಟ್ಟವರಲ್ಲಿ ಅಕ್ಷರಸ್ಥರ ಪ್ರಮಾಣ ಕರ್ನಾಟಕದಲ್ಲಿ ಶೇ. 75.36, ರಾಯಚೂರು ಜಿಲ್ಲೆಯಲ್ಲಿ ಕೇವಲ ಶೇ. 59.56. ಯಾದಗಿರಿಯೊಂದನ್ನು ಬಿಟ್ಟರೆ ರಾಜ್ಯದಲ್ಲಿ ಇದಕ್ಕಿಂತ ಹಿಂದುಳಿದ ಜಿಲ್ಲೆ ಇರಲಿಲ್ಲ. ಇದಕ್ಕೆ ಇತಿಹಾಸದ ಕಾರಣವೂ ಉಂಟು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಸರಕಾರದ ಭಾಷೆ ಉರ್ದು. ಮನೆಮಾತಿನಲ್ಲಿ ಓದುವ ಅವಕಾಶ ನಮ್ಮ ಹಿರಿಯರಲ್ಲಿ ಬಹಳ ಮಂದಿಗೆ ದೊರೆಯಲಿಲ್ಲ.

ಇಂದು ಶಾಲೆಗಳು ಹತ್ತಿರವಿವೆ. ಆದರೂ ದೇವದುರ್ಗದ ಕಡೆಯಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳು, ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆ ತಪ್ಪಿಸಿಕೊಳ್ಳುವ ಮಕ್ಕಳು ಪಾಠದಲ್ಲಿ ಹಿಂದೆ ಬೀಳುತ್ತಾರೆ. ಕೆಳ ತರಗತಿಗಳಲ್ಲಿ ಓದು ಕೈಗೂಡದ ಮಗುವಿಗೆ ಮುಂದಿನ ಎಲ್ಲ ವಿಷಯಗಳೂ ಭಾರವಾಗುತ್ತವೆ. ಇದನ್ನು ತಡೆಯಲು ಮನೆಯವರು ದಿನಕ್ಕೆ ಅರ್ಧ ಗಂಟೆ ಕೊಟ್ಟರೂ ಪ್ರಯೋಜನವಿದೆ.

ಭಾಷೆ

ನಮ್ಮ ಮಕ್ಕಳು ಆಡುವುದು 'ಮನಿ', 'ಎಲಿ', 'ಬರ್ತಾನ'. ಪುಸ್ತಕದಲ್ಲಿರುವುದು 'ಮನೆ', 'ಎಲೆ', 'ಬರುತ್ತಾನೆ'. ಮಗು ಕೇಳಿದಂತೆಯೇ ಬರೆದರೆ ಅದು ದಡ್ಡತನವಲ್ಲ. ಮನೆಮಾತನ್ನು ಹಳಿಯದೆ, ಆಡುವ ರೂಪ ಒಂದು ಕಡೆ, ಬರೆಯುವ ರೂಪ ಇನ್ನೊಂದು ಕಡೆ ಜೋಡಿಯಾಗಿ ಬರೆಯಿಸಿರಿ. ದಿನಕ್ಕೆ ಐದು ಜೋಡಿ ಸಾಕು.

ಅಕ್ಷರ ಬಾರದ ತಾಯಿಯೂ ಓದಿಸಬಲ್ಲಳು. ಮಗು ಒಂದು ಪುಟವನ್ನು ಗಟ್ಟಿಯಾಗಿ ಓದಲಿ. ಬಳಿಕ "ಕತಿ ಏನೈತಿ, ಹೇಳವ್ವ" ಎಂದು ಕೇಳಿರಿ. ತನ್ನ ಮಾತಿನಲ್ಲಿ ಹೇಳಿದರೆ ಅದಕ್ಕೆ ಅರ್ಥವಾಗಿದೆಯೆಂದು ತಿಳಿಯಬಹುದು. ತಡವರಿಸಿದರೆ ಅದೇ ಪುಟವನ್ನು ಮರುದಿನ ಓದಿಸಿರಿ.

ಕೈಬರಹ

ಅಂದಕ್ಕಿಂತ ಸ್ಪಷ್ಟತೆ ಮುಖ್ಯ. 'ಮ-ವ', 'ಪ-ಷ', 'ದ-ಧ', 'ಬ-ಭ' ಇವುಗಳನ್ನು ಪಾಟಿಯ ಮೇಲೆ ಪಕ್ಕಪಕ್ಕದಲ್ಲಿ ಬರೆದು, ಭೇದ ಎಲ್ಲಿದೆಯೆಂದು ಮಗುವೇ ಬೆರಳಿಟ್ಟು ತೋರಿಸುವಂತೆ ಮಾಡಿರಿ. ತೆಲುಗು ಸೀಮೆಗೆ ಸಮೀಪದ ರಾಯಚೂರು ನಗರದಲ್ಲಿ ಎರಡು ಲಿಪಿಗಳನ್ನೂ ನೋಡುವ ಮಕ್ಕಳಿದ್ದಾರೆ. ಹಲವು ಅಕ್ಷರಗಳು ಹೋಲುತ್ತವೆ; ತಲೆಕಟ್ಟು ಬೇರೆ. ಅದನ್ನು ತಿದ್ದಿ ತೋರಿಸಬೇಕು. ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುವುದರಿಂದ ಕಲಿಯುವ ಮಗು ಸಾಲು ಬಿಟ್ಟು ಸಾಲು ಬರೆಯುವುದು ಲೇಸು.

ಲೆಕ್ಕ

ಕನ್ನಡದ ಎಣಿಕೆಯಲ್ಲೇ ಪಾಠವಿದೆ. 'ಮೂವತ್ತೆರಡು' ಎಂದರೆ ಮೂವತ್ತು ಮತ್ತು ಎರಡು. ಹುಣಸೆಬೀಜಗಳನ್ನು ಹತ್ತು ಹತ್ತರ ಗುಂಪು ಮಾಡಿಸಿದರೆ ಹತ್ತರ ಸ್ಥಾನ, ಬಿಡಿ ಸ್ಥಾನ ತಾವಾಗಿಯೇ ತಿಳಿಯುತ್ತವೆ.

ಚಿಲ್ಲರೆ ಲೆಕ್ಕವನ್ನು ಮೇಲೆಣಿಕೆಯಿಂದ ಕಲಿಸಿರಿ. 28 ರೂಪಾಯಿಯ ಸಾಮಾನಿಗೆ 50 ಕೊಟ್ಟರೆ, 28ರಿಂದ 30ಕ್ಕೆ 2, ಅಲ್ಲಿಂದ 50ಕ್ಕೆ 20. ಮರಳಿ ಬರಬೇಕಾದುದು 22.

ಗುಣಾಕಾರವೂ ಹೀಗೆಯೇ. ಹತ್ತಿ ಬಿಡಿಸಿದ ಕೂಲಿ ಕಿಲೋಗೆ 8 ರೂಪಾಯಿ, ತೂಕ 37 ಕಿಲೋ ಎಂದಿಟ್ಟುಕೊಳ್ಳೋಣ. ಎಂಟು ಮೂವತ್ತಲೆ 240, ಎಂಟು ಏಳಲೆ 56, ಒಟ್ಟು 296. ಮಾನ್ವಿಯ ಹೊಲದ ಬದುವಿನ ಮೇಲೆ ಕುಳಿತೇ ಈ ಲೆಕ್ಕ ಮಾಡಬಲ್ಲ ಮಗಳಿದ್ದರೆ ತಾಯಿಯ ಕೂಲಿಯಲ್ಲಿ ಒಂದು ರೂಪಾಯಿ ಕಡಿಮೆಯಾದರೂ ಅದು ಗೊತ್ತಾಗುತ್ತದೆ.

ಆದುದರಿಂದ ಗುಳೆ ಹೊರಡುವ ಬಂಧುಗಳು ಬುತ್ತಿಯ ಗಂಟಿನೊಡನೆ ಮಗುವಿನ ಪಠ್ಯಪುಸ್ತಕವನ್ನೂ ಪಾಟಿಯನ್ನೂ ಕಟ್ಟಿಕೊಳ್ಳಲಿ. ಗಂಡುಮಗುವಿಗೆ ಕೊಡುವ ವೇಳೆಯನ್ನು ಹೆಣ್ಣುಮಗುವಿಗೂ ಕೊಡಲಿ. ಓದಿನ ರೂಢಿ ತಪ್ಪದಿದ್ದರೆ ಊರಿಗೆ ಮರಳಿದ ಮಗು ತನ್ನ ತರಗತಿಯಲ್ಲಿ ಅಳುಕಿಲ್ಲದೆ ಕುಳಿತುಕೊಳ್ಳಬಲ್ಲದು.