ದೊಡ್ಡವರ ಕ್ಲಬ್ ಮಕ್ಕಳ ಕೈಗೆ ಯಾವಾಗ?

ಸಂಡೂರು ತಾಲ್ಲೂಕಿನಲ್ಲಿ, ತೋರಣಗಲ್ಲಿನ ಪಕ್ಕದ ವಿಜಯನಗರದಲ್ಲಿ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ ಅದು. ಅವರು ಎಸೆಯುವ ಜಾವೆಲಿನ್ನಿನ ತೂಕ 800 ಗ್ರಾಂ. 18 ವರ್ಷದೊಳಗಿನ ಹುಡುಗರಿಗೆ ಅಷ್ಟು ಭಾರದ್ದನ್ನು ಕೊಡುವುದಿಲ್ಲ, ಅವರದು 700 ಗ್ರಾಂ. ಮಹಿಳೆಯರದು 600 ಗ್ರಾಂ, ಅದೇ 18ರೊಳಗಿನ ಹುಡುಗಿಯರದು 500. ಗುಂಡು ಎಸೆತದಲ್ಲಿ ಮೆಟ್ಟಿಲುಗಳು ಇನ್ನೂ ಸ್ಪಷ್ಟ: ಹುಡುಗ 5 ಕೆ.ಜಿ.ಯಿಂದ 6ಕ್ಕೆ ಹತ್ತಿ, ಆಮೇಲೆ ಗಂಡಸರ 7.26 ಕೆ.ಜಿ. ಮುಟ್ಟುತ್ತಾನೆ. ಬೆಳೆಯುವ ಮೈಗೆ ಬೆಳೆಯುವ ಸಲಕರಣೆ ಬೇಕು ಎಂಬುದನ್ನು ಅಥ್ಲೆಟಿಕ್ಸ್ ನಿಯಮವಾಗಿಯೇ ಬರೆದಿಟ್ಟಿದೆ. ಗಾಲ್ಫ್‌ನಲ್ಲಿ ಅಂಥ ಮೆಟ್ಟಿಲೇ ಇಲ್ಲ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರಬಾರದು, ಪಟರ್ ಬಿಟ್ಟು ಬೇರೆ ಯಾವುದೂ 48 ಇಂಚು ಮೀರಬಾರದು ಎನ್ನುವ ನಿಯಮ ಎಂಟು ವರ್ಷದ ಮಗುವಿಗೂ ಒಂದೇ, ನಲವತ್ತರ ಆಟಗಾರನಿಗೂ ಒಂದೇ. ಮಕ್ಕಳ ಕ್ಲಬ್ ಬಿಟ್ಟು ದೊಡ್ಡವರ ಕ್ಲಬ್ ಹಿಡಿಯುವುದು ಯಾವಾಗ ಎಂಬ ತೀರ್ಮಾನ ಪೂರ್ತಿಯಾಗಿ ಅಪ್ಪ ಅಮ್ಮನ ಮತ್ತು ಕೋಚ್‌ನ ಪಾಲಿಗೆ ಬರುತ್ತದೆ. ಕರ್ನಾಟಕದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಅದೇ ಊರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಐದು ವರ್ಷದ ಆಸುಪಾಸಿನಲ್ಲೇ ಆಟ ಶುರುಮಾಡಿದ ಅದಿತಿ ಅಶೋಕ್ ಒಲಿಂಪಿಕ್ಸ್‌ವರೆಗೆ ಹೋದರು. ಮೈಸೂರಿನ ಪ್ರಣವಿ ಅರಸ್ ಯುರೋಪಿನ ಟೂರ್‌ನಲ್ಲಿ ಆಡುತ್ತಿದ್ದಾರೆ. ಅವರನ್ನು ನೋಡಿ ಆಟಕ್ಕೆ ಬಂದ ಮಕ್ಕಳು ಈಗ ಬೆಳೆಯುವ ವಯಸ್ಸಿನಲ್ಲಿದ್ದಾರೆ.

ನಮ್ಮಲ್ಲಿ ಈ ತೀರ್ಮಾನ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಆಗುತ್ತದೆ. ಒಂದು, ವಯಸ್ಸು ನೋಡಿ: ಹದಿಮೂರು ತುಂಬಿತು, ಮುಂದಿನ ವಿಭಾಗಕ್ಕೆ ಬಂದ, ಇನ್ನು ದೊಡ್ಡವರ ಸೆಟ್ ಕೊಡಿಸೋಣ. ಇನ್ನೊಂದು, ಜೂನ್ ತಿಂಗಳ ಯೂನಿಫಾರ್ಮ್ ಲೆಕ್ಕದಲ್ಲಿ: ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ, ಎರಡು ವರ್ಷ ಬಂದೀತು. ಅಂಗಿಯ ಮಟ್ಟಿಗೆ ಈ ಬುದ್ಧಿ ಸರಿಯೇ. ತೋಳು ಉದ್ದವಾದರೆ ಮಡಚಿಕೊಳ್ಳಬಹುದು, ಮಡಚಿದ ತೋಳು ಮಗುವಿನ ನಡಿಗೆಯನ್ನು ಬದಲಿಸುವುದಿಲ್ಲ. ಕ್ಲಬ್ ಹಾಗಲ್ಲ. ಅಳತೆ ಮೀರಿದ ಕ್ಲಬ್ ಮಗುವಿನ ಬೀಸನ್ನೇ ಬದಲಿಸಿಬಿಡುತ್ತದೆ. ಹಾಗೆ ಬದಲಾದ ಬೀಸು ಮೈಯಲ್ಲಿ ಕೂತುಬಿಟ್ಟರೆ, ಮುಂದೆ ಕ್ಲಬ್ ಅಳತೆಗೆ ಬಂದಾಗಲೂ ಬಿಟ್ಟುಹೋಗುವುದಿಲ್ಲ. ಆದ್ದರಿಂದ ಈ ಬದಲಾವಣೆಗೆ ವಯಸ್ಸನ್ನು ಆಧಾರ ಮಾಡಬಾರದು, ಒಂದೇ ದಿನ ಇಡೀ ಸೆಟ್ ಬದಲಿಸಲೂಬಾರದು. ಮಗುವಿನ ಎತ್ತರ, ಬೀಸಿನ ವೇಗ, ಚೆಂಡು ತಗಲುವ ಜಾಗ ಈ ಮೂರನ್ನು ನೋಡಿ ಒಂದೊಂದೇ ಕ್ಲಬ್ ಬದಲಿಸುತ್ತ ಹೋಗಬೇಕು ಎಂಬುದು ನನ್ನ ವಾದ.

ಇದಕ್ಕೆ ಮೊದಲ ಆಧಾರ ಭೌತಶಾಸ್ತ್ರದ್ದು. ಕ್ಲಬ್ ಎಷ್ಟು ಭಾರ ಎಂಬುದು ತಕ್ಕಡಿಯಲ್ಲಿ ತಿಳಿಯುತ್ತದೆ. ಬೀಸುವಾಗ ಎಷ್ಟು ಭಾರ ಎನ್ನುವುದು ತಿಳಿಯುವುದಿಲ್ಲ. ಪೊರಕೆಯನ್ನು ಹಿಡಿಯ ಕಡೆಯಿಂದ ಹಿಡಿದು ಬೀಸಿ, ಆಮೇಲೆ ತಿರುಗಿಸಿ ಕಡ್ಡಿಗಳ ಕಡೆಯಿಂದ ಹಿಡಿದು ಬೀಸಿ. ತೂಕ ಅದೇ ಆದರೂ ಕೈಗೆ ತಗಲುವ ಶ್ರಮ ಬೇರೆ. ತಿರುಗಿಸುವುದಕ್ಕೆ ವಸ್ತು ಒಡ್ಡುವ ಈ ವಿರೋಧಕ್ಕೆ ಜಡತ್ವದ ಮಹತ್ವ ಎನ್ನುತ್ತಾರೆ. ತುದಿಯ ತೂಕ ಹೆಚ್ಚಿದಷ್ಟೇ ಪಾಲು ಅದು ಹೆಚ್ಚುತ್ತದೆ, ಆದರೆ ಉದ್ದ ಹೆಚ್ಚಿದರೆ ಉದ್ದದ ವರ್ಗದಷ್ಟು ಹೆಚ್ಚುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ನಾಲ್ಕೂವರೆ ಅಡಿ ಎತ್ತರದ ಮಗುವಿನ ಡ್ರೈವರ್ 36 ಇಂಚು ಉದ್ದ, ಅದರ ಹೆಡ್ 160 ಗ್ರಾಂ ಎಂದಿಟ್ಟುಕೊಳ್ಳಿ. ದೊಡ್ಡವರದು 45 ಇಂಚು, ಹೆಡ್ 200 ಗ್ರಾಂ. ಉದ್ದದಲ್ಲಿ ಕಾಲುಪಾಲು ಹೆಚ್ಚು, ಹೆಡ್ಡಿನ ತೂಕದಲ್ಲೂ ಕಾಲುಪಾಲು ಹೆಚ್ಚು. ಕೈಯಲ್ಲಿ ಎತ್ತಿ ನೋಡಿದರೆ ಅಂಥ ವ್ಯತ್ಯಾಸವೇನೂ ಕಾಣದು. ಆದರೆ ಒಂದೂಕಾಲನ್ನು ಒಂದೂಕಾಲರಿಂದ ಎರಡು ಸಲ ಗುಣಿಸಿದರೆ ಹೆಚ್ಚುಕಡಿಮೆ ಎರಡು ಬರುತ್ತದೆ. ಅಂದರೆ ಬೀಸುವ ಮಟ್ಟಿಗೆ ಮಗುವಿನ ಕೈಯಲ್ಲಿರುವ ಭಾರ ಇಮ್ಮಡಿಯಾಯಿತು. ಅಂಗಡಿಯಲ್ಲಿ ಕ್ಲಬ್ ಎತ್ತಿ ನೋಡಿ, ‘ಹಗುರವಾಗೇ ಇದೆ, ಹಿಡಿಯುತ್ತಾನೆ’ ಎನ್ನುವ ಅಪ್ಪನಿಗೆ ಈ ಇಮ್ಮಡಿ ತಿಳಿಯುವುದೇ ಇಲ್ಲ, ಯಾಕೆಂದರೆ ಅವರು ಎತ್ತಿ ನೋಡಿದ್ದಾರೆಯೇ ಹೊರತು ಮಗುವಿನ ತೋಳಿನಿಂದ ಬೀಸಿಲ್ಲ.

ಈ ಇಮ್ಮಡಿ ಭಾರವನ್ನು ಮಗು ಏನು ಮಾಡುತ್ತದೆ? ಹೊಡೆಯುವುದಕ್ಕೆ ಕ್ಲಬ್ ಮೇಲಿನಿಂದ ಕೆಳಗಿಳಿಯುವ ಅವಧಿ ಸುಮಾರು ಕಾಲು ಸೆಕೆಂಡು, ಚೆಂಡಿಗೂ ಕ್ಲಬ್ಬಿಗೂ ನಂಟು ಇರುವುದು ಅರ್ಧ ಮಿಲಿಸೆಕೆಂಡು. ಇಷ್ಟರಲ್ಲಿ ಕಣ್ಣು ನೋಡಿ, ಮೆದುಳು ಯೋಚಿಸಿ, ಕೈ ತಿದ್ದಿಕೊಳ್ಳುವುದಕ್ಕೆ ಎಡೆಯೇ ಇಲ್ಲ. ಹಾಗಾಗಿ ಮೈ ಮುಂಚಿತವಾಗಿಯೇ ಒಂದು ಉಪಾಯ ಕಲಿತುಬಿಡುತ್ತದೆ. ಮಣಿಕಟ್ಟನ್ನು ಕೊನೆಯವರೆಗೆ ಮಡಚಿಟ್ಟುಕೊಳ್ಳುವ ಬದಲು ಮೇಲಿನಿಂದಲೇ ಬಿಚ್ಚಿಬಿಡುತ್ತದೆ, ಗಾಳ ಎಸೆದ ಹಾಗೆ. ಉದ್ದ ಕ್ಲಬ್ಬಿಗೆ ಜಾಗ ಮಾಡಿಕೊಳ್ಳಲು ಚೆಂಡಿನಿಂದ ದೂರ ನಿಲ್ಲುತ್ತದೆ, ಭಾರ ಎಳೆದಾಗ ಬೀಳದಿರಲು ಹಿಂಗಾಲಿನ ಮೇಲೆ ವಾಲುತ್ತದೆ. ಇವೆಲ್ಲ ಮಗುವಿನ ತಪ್ಪುಗಳಲ್ಲ. ಕೈಲಿರುವ ಸಲಕರಣೆಗೆ ಅದರ ಮೈ ಕಂಡುಕೊಂಡ ಜಾಣ ಉತ್ತರಗಳು. ತೊಂದರೆ ಏನೆಂದರೆ, ಸಾವಿರಾರು ಸಲ ಹೊಡೆದ ಮೇಲೆ ಆ ಉತ್ತರವೇ ಅಭ್ಯಾಸವಾಗುತ್ತದೆ. ಕ್ಲಬ್ ಮಗುವಿಗೆ ಒಪ್ಪಿದೆಯೋ ಇಲ್ಲವೋ ನೋಡಲು ದೊಡ್ಡ ಯಂತ್ರವೂ ಬೇಡ. ಮನೆಯ ಟಾಲ್ಕಂ ಪೌಡರನ್ನು ಕ್ಲಬ್ಬಿನ ಮುಖಕ್ಕೆ ತೆಳುವಾಗಿ ಬಳಿದು ಹತ್ತು ಚೆಂಡು ಹೊಡೆಸಿದರೆ, ಚೆಂಡು ತಗಲಿದ ಕಡೆ ದುಂಡನೆಯ ಗುರುತು ಬೀಳುತ್ತದೆ. ಹತ್ತೂ ಗುರುತು ನಡುವಿನಲ್ಲಿ ಒಂದು ರೂಪಾಯಿ ನಾಣ್ಯದ ಸುತ್ತಮುತ್ತ ಗುಂಪಾಗಿದ್ದರೆ ಕ್ಲಬ್ ಮಗುವಿನ ಹಿಡಿತದಲ್ಲಿದೆ. ತುದಿಗೆ, ಬುಡಕ್ಕೆ, ಕೆಳಗೆ ಎಂದು ಚೆಲ್ಲಾಪಿಲ್ಲಿಯಾಗಿದ್ದರೆ ಮಗು ಕ್ಲಬ್ಬಿನ ಹಿಡಿತದಲ್ಲಿದೆ. ಅದೇ ಮಗುವಿಗೆ ಅದರ ಹಳೆಯ ಕ್ಲಬ್ ಕೊಟ್ಟು ಮತ್ತೆ ಹತ್ತು ಹೊಡೆಸಿ ಎರಡನ್ನೂ ಹೋಲಿಸಿದರೆ ಸಂಶಯ ಉಳಿಯುವುದಿಲ್ಲ.

ಬೇರೆ ಆಟದಿಂದಲೂ ಸಾಕ್ಷಿ ಇದೆ. ಟೆನಿಸ್‌ನಲ್ಲಿ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಿಗೆ ಮಾಮೂಲಿ ಹಳದಿ ಚೆಂಡನ್ನು 2012ರಿಂದ ಅಂತರರಾಷ್ಟ್ರೀಯ ಫೆಡರೇಷನ್ ನಿಲ್ಲಿಸಿತು. ಕೆಂಪು, ಕಿತ್ತಳೆ, ಹಸಿರು ಗುರುತಿನ ನಿಧಾನಗತಿಯ ಚೆಂಡುಗಳೇ ಬಳಕೆಗೆ ಬಂದವು. ಆಸ್ಟ್ರೇಲಿಯಾದ ಟಿಮ್ ಬುಸಾರ್ಡ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಣ್ಣ ರ‍್ಯಾಕೆಟ್ ಮತ್ತು ಮೆತ್ತನೆಯ ಚೆಂಡು ಸಿಕ್ಕ ಮಕ್ಕಳು ಹೆಚ್ಚು ಚೆನ್ನಾಗಿ ಹೊಡೆದದ್ದಷ್ಟೇ ಅಲ್ಲ, ಚೆಂಡನ್ನು ಮೈಯ ಮುಂದೆ ಎದುರುಗೊಳ್ಳುವ ಸರಿಯಾದ ವಿಧಾನವೂ ಅವರಲ್ಲೇ ಹೆಚ್ಚಾಗಿ ಕಂಡಿತು. ಟೆನಿಸ್ ಗಾಲ್ಫ್ ಅಲ್ಲ, ಅಲ್ಲಿ ಚೆಂಡು ಓಡಿಬರುತ್ತದೆ, ಇಲ್ಲಿ ಕದಲದೆ ಕೂತಿರುತ್ತದೆ ಎಂಬುದು ನಿಜ. ಆದರೂ ಸಲಕರಣೆಯ ಅಳತೆ ಕಲಿಕೆಯ ರೀತಿಯನ್ನೇ ರೂಪಿಸುತ್ತದೆ ಎನ್ನುವಷ್ಟು ಮಾತು ಎರಡಕ್ಕೂ ಸಲ್ಲುತ್ತದೆ.

ಎರಡನೆಯ ಆಧಾರ ಮೈಯ ಬೆಳವಣಿಗೆಯದು. ಹುಡುಗಿಯರು ಸುಮಾರು 12ರಲ್ಲಿ, ಹುಡುಗರು ಸುಮಾರು 14ರಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆ ವರ್ಷ ಎಂಟೊಂಬತ್ತು ಸೆಂಟಿಮೀಟರ್ ಏರುವುದು ಸಾಮಾನ್ಯ. ಆದರೆ ಇವು ಸರಾಸರಿ ಲೆಕ್ಕಗಳು. ಒಂದೇ ಬೆಂಚಿನಲ್ಲಿ ಕೂತ ಹದಿಮೂರರ ಇಬ್ಬರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿ ಇನ್ನೂ ಒಡೆದಿರುವುದಿಲ್ಲ. ಮೈಯ ಲೆಕ್ಕದಲ್ಲಿ ಅವರ ನಡುವೆ ಎರಡು ಮೂರು ವರ್ಷದ ಅಂತರ. ವಯಸ್ಸನ್ನೇ ನಂಬಿ ಕ್ಲಬ್ ಕೊಡುವವರು ಈ ಇಬ್ಬರಲ್ಲಿ ಒಬ್ಬನಿಗೆ ಅನ್ಯಾಯ ಮಾಡುವುದು ಖಂಡಿತ. ಇನ್ನೂ ಒಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಎತ್ತರ ಮೊದಲು ಬರುತ್ತದೆ, ಬಲ ಆಮೇಲೆ. ಕೈಕಾಲು ಉದ್ದವಾಗಿ, ಅವಕ್ಕೆ ತಕ್ಕ ಸ್ನಾಯು ತುಂಬಿಕೊಳ್ಳಲು ಕೆಲವು ತಿಂಗಳಿಂದ ಒಂದು ವರ್ಷದವರೆಗೆ ಹಿಡಿಯುತ್ತದೆ. ಈ ನಡುಗಾಲದಲ್ಲಿ ಹುಡುಗ ನೋಡಲು ದೊಡ್ಡವನಾಗಿರುತ್ತಾನೆ, ಎಲ್ಲರೂ ‘ಅಪ್ಪನ ಸಮಕ್ಕೆ ಬಂದ’ ಎನ್ನುತ್ತಾರೆ, ಅಪ್ಪನ ಕ್ಲಬ್ಬೂ ಕೈಗೆ ಬರುತ್ತದೆ. ಉದ್ದ ಅವನಿಗೆ ಹೊಂದಬಹುದು, ಭಾರ ಮತ್ತು ಬಿರುಸು ಹೊಂದುವುದಿಲ್ಲ. ಅಂಥವನಿಗೆ ಬೇಕಾದದ್ದು ದೊಡ್ಡವರ ಉದ್ದದ, ಆದರೆ ಹಗುರ ಗ್ರಾಫೈಟ್ ಶಾಫ್ಟಿನ ಕ್ಲಬ್. ಅಂಗಡಿಯಲ್ಲಿ ಅದು ಹೆಚ್ಚಾಗಿ ‘ಲೇಡೀಸ್’ ಎಂಬ ಚೀಟಿ ಹೊತ್ತು ಕೂತಿರುತ್ತದೆ. ಹುಡುಗರಿಗೆ ಆ ಚೀಟಿಯೇ ನಾಚಿಕೆ. ಚೀಟಿಯಲ್ಲಿರುವುದು ತೂಕ, ಉದ್ದ, ಬಾಗುವಿಕೆ ಇವುಗಳ ಗುರುತು ಮಾತ್ರ. ಅದನ್ನು ಕಿತ್ತು ಕೊಟ್ಟರೂ ಕ್ಲಬ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಭಾರದ ಕ್ಲಬ್ ಬೀಸಿದರೆ ತೋಳಿಗೆ ಬಲ ಬರುತ್ತದಲ್ಲ ಎಂಬ ಆಕ್ಷೇಪವನ್ನು ಕೋಚ್‌ಗಳ ಬಾಯಲ್ಲೂ ಕೇಳಬಹುದು. ಬಲ ಬರುತ್ತದೆ, ಸುಳ್ಳಲ್ಲ. ಆದರೆ ಗಾಲ್ಫ್ ಬೀಸಿಗೆ ಬೇಕಾದದ್ದು ವೇಗ, ಮತ್ತು ವೇಗ ಬರುವುದು ಕಾಲು, ಸೊಂಟ, ಭುಜ, ಮಣಿಕಟ್ಟು ಒಂದರ ಹಿಂದೆ ಒಂದು ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳುವುದರಿಂದ. ಭಾರ ಆ ಸರಣಿಯನ್ನೇ ಕೆಡಿಸಿದರೆ ಬಂದ ಬಲಕ್ಕೆ ಕೆಲಸವಿಲ್ಲ. ಬಲಕ್ಕೆ ಬಸ್ಕಿ, ದಂಡ, ಹಗ್ಗ, ಓಟ ಇವೆ. ಅದನ್ನು ಕ್ಲಬ್ಬಿನಿಂದಲೇ ಪಡೆಯಬೇಕಾಗಿಲ್ಲ. ದೂರ ಹೊಡೆಯಬೇಕೆಂಬ ಅವಸರವೂ ಇದರ ಹಿಂದೆ ಇರುತ್ತದೆ. ಅಂಥವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ನೆನಪಿಸಿಕೊಳ್ಳಲಿ. ಹೊಡೆತದ ದೂರದಲ್ಲಿ ಪ್ರತಿಸ್ಪರ್ಧಿಗಳಿಗಿಂತ ಬಹಳ ಹಿಂದಿದ್ದ ಅದಿತಿ, ಗ್ರೀನ್ ಸುತ್ತಲಿನ ಸಣ್ಣ ಹೊಡೆತ ಮತ್ತು ಪಟರ್‌ನ ಬಲದಿಂದಲೇ ಪಾರ್‌ಗಿಂತ 15 ಕಡಿಮೆ ಹೊಡೆತಗಳಲ್ಲಿ ಮುಗಿಸಿ, ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಸ್ಪೇನ್‌ನ ಸೆವೆ ಬ್ಯಾಲೆಸ್ಟೆರೋಸ್ ಹಳೆಯದೊಂದು ಮೂರನೇ ನಂಬರಿನ ಐರನ್ ಹಿಡಿದು ಸಮುದ್ರತೀರದ ಮರಳಿನಲ್ಲಿ ಆಟ ಕಲಿತರು. ನಮ್ಮ ಚಿಕ್ಕರಂಗಪ್ಪ ಬಿಡದಿ ಬಳಿಯ ಈಗಲ್‌ಟನ್‌ನಲ್ಲಿ ಕ್ಯಾಡಿಯಾಗಿದ್ದವರು, ಏಷ್ಯನ್ ಟೂರ್ ಆಟಗಾರರಾದರು. ಅಳತೆಯ ಕ್ಲಬ್ ಇಲ್ಲದೆಯೂ ದೊಡ್ಡ ಆಟಗಾರರು ಹುಟ್ಟುವುದಿಲ್ಲವೇ? ಹುಟ್ಟುತ್ತಾರೆ. ಅಂಥವರ ಸಾಧನೆ ಅಸಾಮಾನ್ಯ ಎನ್ನುವುದಕ್ಕೇ ಅವರ ಹೆಸರು ನಮಗೆ ಗೊತ್ತು. ಅಳತೆಗೆಟ್ಟ ಕ್ಲಬ್ ಹಿಡಿದು, ಚೆಂಡು ಏಳದೆ, ಬೇಸತ್ತು ಆಟ ಬಿಟ್ಟ ಮಕ್ಕಳ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಗೆದ್ದವರನ್ನು ಮಾತ್ರ ಎಣಿಸಿದರೆ ಯಾವ ದಾರಿಯೂ ಒಳ್ಳೆಯದಾಗಿಯೇ ಕಾಣುತ್ತದೆ. ಖರ್ಚಿನ ಮಾತು ಮಾತ್ರ ಬೇರೆ, ಅದನ್ನು ತಳ್ಳಿಹಾಕುವಂತಿಲ್ಲ. ವರ್ಷಕ್ಕೊಂದು ಸೆಟ್ ಕೊಳ್ಳುವುದು ಸಂಬಳದ ಮನೆಗಳಿಗೂ ಹೊರೆ. ಅದಕ್ಕೆಂದೇ ಹಲವರು ದೊಡ್ಡವರ ಹಳೆಯ ಕ್ಲಬ್ಬನ್ನು ಮೇಲ್ತುದಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಉದ್ದ ಕಡಿಮೆಯಾಗುತ್ತದೆ, ಹೆಡ್ ಮಾತ್ರ ದೊಡ್ಡವರದೇ ಉಳಿಯುತ್ತದೆ, ತುಂಡಾದ ಶಾಫ್ಟ್ ಮೊದಲಿಗಿಂತ ಬಿರುಸಾಗುತ್ತದೆ. ಪಟರ್‌ಗೆ ಈ ಉಪಾಯ ನಡೆಯುತ್ತದೆ, ಡ್ರೈವರ್‌ಗೆ ನಡೆಯದು. ಖರ್ಚಿಗೆ ನಿಜವಾದ ಪರಿಹಾರ ಎರಡು. ಮಗುವಿನ ವೇಗಕ್ಕೆ 14 ಕ್ಲಬ್ ಬೇಕಾಗಿಯೇ ಇಲ್ಲ. ನಿಧಾನದ ಬೀಸಿನಲ್ಲಿ ಐದನೇ ನಂಬರಿನ ಐರನ್‌ಗೂ ಆರನೆಯದಕ್ಕೂ ಚೆಂಡು ಹೋಗುವ ದೂರ ಹೆಚ್ಚುಕಡಿಮೆ ಒಂದೇ, ಆರೇಳು ಕ್ಲಬ್ ಧಾರಾಳ ಸಾಕು. ಎರಡನೆಯದು, ಗಾಲ್ಫ್ ಸಂಸ್ಥೆಗಳು ಮಕ್ಕಳ ಕ್ಲಬ್ಬುಗಳನ್ನು ಲೈಬ್ರರಿ ಪುಸ್ತಕದ ಹಾಗೆ ಕೊಟ್ಟು ತೆಗೆದುಕೊಳ್ಳುವ ಏರ್ಪಾಟು ಮಾಡುವುದು. ಜಾವೆಲಿನ್ನನ್ನು ಯಾವ ಮಗುವೂ ಮನೆಯಿಂದ ತರುವುದಿಲ್ಲ, ಕ್ರೀಡಾ ಹಾಸ್ಟೆಲಿನ ಮೂಲೆಯಲ್ಲಿ ಅಳತೆವಾರು ಇಟ್ಟಿರುತ್ತಾರೆ. ಗಾಲ್ಫ್ ಮೈದಾನದಲ್ಲಿ ಅದು ಯಾಕೆ ಆಗಬಾರದು ಎಂಬುದಕ್ಕೆ ನನಗೆ ಒಪ್ಪುವಂಥ ಕಾರಣ ಕಾಣುತ್ತಿಲ್ಲ.

ಇಷ್ಟು ಹೇಳಿದ್ದರಿಂದ ಮಕ್ಕಳ ಕ್ಲಬ್ಬನ್ನೇ ಆದಷ್ಟು ದಿನ ಉಳಿಸಿಕೊಳ್ಳಿ ಎಂದಾಗುವುದಿಲ್ಲ. ಬೆಳೆದ ಹುಡುಗಿ ಗಿಡ್ಡ ಕ್ಲಬ್ಬಿಗೆ ಬಗ್ಗಿ ಬಗ್ಗಿ ಹೊಡೆದರೆ ಬೆನ್ನು ಬಾಗುತ್ತದೆ, ತೀರಾ ಮೃದುವಾದ ಶಾಫ್ಟ್ ವೇಗದ ಬೀಸಿಗೆ ಹೆಚ್ಚು ಬಾಗಿ ಚೆಂಡನ್ನು ಬೇಕಾದ್ದಕ್ಕಿಂತ ಮೇಲಕ್ಕೆ ಎತ್ತುತ್ತದೆ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಮಾಡಿದರೆ ಬೆಳವಣಿಗೆ ಚುರುಕಾದದ್ದು ತಾನೇ ಕಾಣುತ್ತದೆ. ಎತ್ತರ ಐದಡಿ ದಾಟಿ ಎರಡು ಮೂರು ಇಂಚು ಏರುವ ಹೊತ್ತಿಗೆ ಬದಲಾವಣೆ ಶುರುವಾಗಬಹುದು. ನೆಲದಿಂದ ಮಣಿಕಟ್ಟಿನವರೆಗಿನ ಅಳತೆಯನ್ನೂ ತೆಗೆಯಬೇಕು, ಯಾಕೆಂದರೆ ಒಂದೇ ಎತ್ತರದ ಇಬ್ಬರ ತೋಳು ಒಂದೇ ಉದ್ದ ಇರುವುದಿಲ್ಲ. ಮೊದಲು ಬದಲಾಗಬೇಕಾದದ್ದು ಪಟರ್, ಅದರಲ್ಲಿ ವೇಗದ ಪ್ರಶ್ನೆಯೇ ಇಲ್ಲ. ಆಮೇಲೆ ವೆಜ್ ಮತ್ತು ಒಂಬತ್ತು, ಎಂಟು, ಏಳನೇ ನಂಬರಿನ ಗಿಡ್ಡ ಐರನ್‌ಗಳು. ಪೌಡರಿನ ಗುರುತು ನಡುವಿಗೆ ಬಂದ ಮೇಲೆ ಇನ್ನೂ ಉದ್ದನೆಯವು. ಉದ್ದದ ವರ್ಗದ ಲೆಕ್ಕ ಅತಿ ಹೆಚ್ಚು ಕಾಡುವುದು ಡ್ರೈವರ್‌ನಲ್ಲಿ, ಅದು ಕೊನೆಗೆ. ಬಂದಾಗಲೂ 45 ಇಂಚಿನದಲ್ಲ, ಒಂದೆರಡು ಇಂಚು ಗಿಡ್ಡವಾದದ್ದು, ಮುಖ ಸ್ವಲ್ಪ ಹೆಚ್ಚು ಹಿಂದಕ್ಕೆ ವಾಲಿದ್ದು, ನಿಧಾನದ ಬೀಸಿಗೂ ಚೆಂಡು ಗಾಳಿಗೆ ಏಳುವಂಥದ್ದು. ಹೀಗೆ ನಡೆದರೆ ಒಂದು ವರ್ಷ, ಒಂದೂವರೆ ವರ್ಷ ಮಗುವಿನ ಚೀಲದಲ್ಲಿ ಎರಡು ಅಳತೆಯ ಕ್ಲಬ್ಬುಗಳು ಬೆರೆತಿರುತ್ತವೆ: ದೊಡ್ಡವರ ಏಳನೇ ನಂಬರಿನ ಐರನ್ ಪಕ್ಕದಲ್ಲೇ ಬಣ್ಣ ಮಾಸಿದ ಮಕ್ಕಳ ಡ್ರೈವರ್.